ಯುದ್ಧದ ಅನುಜ್ಞೆ ಯಾರ ಕೈಯಲ್ಲಿ?

ಒಬ್ಬ ವ್ಯಕ್ತಿಯ ಕ್ರೋಧಕ್ಕೋ ಭಯಕ್ಕೋ ಕೀರ್ತಿಲಾಲಸೆಗೋ ಇಡೀ ರಾಷ್ಟ್ರದ ಸೇನೆ ಸಾಧನವಾಗಬಾರದು. ಈ ವಿವೇಕದಿಂದಲೇ ಅಮೆರಿಕದ ಸಂವಿಧಾನಕರ್ತರು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಯುದ್ಧಾಧಿಕಾರವನ್ನು ಎರಡಾಗಿ ವಿಭಜಿಸಿದರು. ಯುದ್ಧ ಘೋಷಿಸುವ, ಸೇನೆಯನ್ನು ಕಟ್ಟುವ, ಅದಕ್ಕೆ ಹಣ ಒದಗಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ; ಸೇನೆಯ ಮಹಾದಂಡನಾಯಕತ್ವ ಅಧ್ಯಕ್ಷರಿಗೆ. ಕರಡಿನಲ್ಲಿ 'ಯುದ್ಧ ಮಾಡುವ' ಎಂದಿದ್ದುದನ್ನು 'ಯುದ್ಧ ಘೋಷಿಸುವ' ಎಂದು ತಿದ್ದಿದುದು, ಹಠಾತ್ ದಾಳಿಯನ್ನು ಹಿಮ್ಮೆಟ್ಟಿಸುವಷ್ಟು ಅವಕಾಶ ಅಧ್ಯಕ್ಷರಿಗಿರಲೆಂದು ಮಾತ್ರ. ಖಡ್ಗ ಹಿಡಿಯುವವರು ಬೇರೆ, ಒರೆಯಿಂದ ಹಿರಿಯಲು ಅನುಮತಿ ನೀಡುವವರು ಬೇರೆ ಎಂಬುದೇ ಈ ವಿಭಜನೆಯ ಸಾರ.

ಆದರೆ ನಡೆದುದೇನು? ಕಾಂಗ್ರೆಸ್ ವಿಧಿಪೂರ್ವಕವಾಗಿ ಯುದ್ಧ ಘೋಷಿಸಿದುದು 1942ರಲ್ಲಿಯೇ ಕೊನೆ. ಯುದ್ಧಗಳು ಮಾತ್ರ ಕೊನೆಗೊಳ್ಳಲಿಲ್ಲ. ಅವುಗಳ ಹೆಸರು ಬದಲಾಯಿತು. 1950ರಲ್ಲಿ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳುಹಿಸಿದಾಗ ಅದು 'ಪೊಲೀಸ್ ಕಾರ್ಯಾಚರಣೆ' ಎನಿಸಿತು. 1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯ ನಿರ್ಣಯ ಕೆಳಮನೆಯಲ್ಲಿ 416 ಮತಗಳಿಂದ, ಒಂದೂ ವಿರೋಧವಿಲ್ಲದೆ ಅಂಗೀಕಾರವಾಯಿತು. ಸೆನೆಟ್ಟಿನಲ್ಲಿ ವಿರೋಧಿಸಿದವರು ಇಬ್ಬರೇ. ಅದಕ್ಕೆ ನೆಪವಾದ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಬಳಿಕ ಬಯಲಾಯಿತು. ಅಷ್ಟರಲ್ಲಿ ವಿಯೆಟ್ನಾಂ ಸ್ಮಶಾನವಾಗಿತ್ತು. ಅಮೆರಿಕದ ಯೋಧರೇ 58 ಸಾವಿರಕ್ಕೂ ಹೆಚ್ಚು ಮಂದಿ ಮಡಿದಿದ್ದರು.

ಪಶ್ಚಾತ್ತಾಪದ ಫಲವಾಗಿ, ನಿಕ್ಸನ್ನರ ನಿಷೇಧಾಧಿಕಾರವನ್ನು ಮೀರಿ 1973ರಲ್ಲಿ ಯುದ್ಧಾಧಿಕಾರ ಶಾಸನ ಬಂದಿತು. ಅಧ್ಯಕ್ಷರು 48 ಗಂಟೆಗಳೊಳಗೆ ವರದಿ ಸಲ್ಲಿಸಬೇಕು. ಅನುಮತಿ ದೊರೆಯದಿದ್ದರೆ 60 ದಿನಗಳಲ್ಲಿ, ಹೆಚ್ಚೆಂದರೆ ಮತ್ತೆ 30 ದಿನಗಳಲ್ಲಿ ಸೇನೆಯನ್ನು ಹಿಂದೆಗೆಯಬೇಕು. ಬೇಲಿ ಚೆನ್ನಾಗಿಯೇ ಇತ್ತು, ಕಾಯುವವರಿರಲಿಲ್ಲ. 2011ರಲ್ಲಿ ಲಿಬಿಯಾದ ಮೇಲಿನ ವೈಮಾನಿಕ ಕಾರ್ಯಾಚರಣೆ 60 ದಿನಗಳನ್ನು ದಾಟಿದಾಗ, ಅದು ಶಾಸನ ಹೇಳುವ 'ಹಗೆತನ'ವೇ ಅಲ್ಲವೆಂದು ಒಬಾಮಾ ಆಡಳಿತ ವಾದಿಸಿತು. ಬಾಂಬು ಬಿದ್ದ ಊರಿನವರಿಗೆ ಈ ಶಬ್ದಸೂಕ್ಷ್ಮ ಅರ್ಥವಾದೀತೇ?

ಇದಕ್ಕಿಂತ ಗಂಭೀರವಾದ ವಿಪರ್ಯಾಸ ಮತ್ತೊಂದಿದೆ. ಸೇನೆಯನ್ನು ಹಿಂದಕ್ಕೆ ಕರೆಸುವ ನಿರ್ಣಯಕ್ಕೆ ಅಧ್ಯಕ್ಷರ ಸಹಿ ಬೇಡವೆಂದು 1973ರ ಶಾಸನ ಹೇಳಿತ್ತು. ಆದರೆ 1983ರಲ್ಲಿ ಸುಪ್ರೀಂ ಕೋರ್ಟು ಬೇರೊಂದು ಪ್ರಕರಣದಲ್ಲಿ ನೀಡಿದ ತೀರ್ಪು ಆ ಬಗೆಯ ನಿರ್ಣಯಗಳ ಬಲವನ್ನೇ ಕುಂದಿಸಿತು. ಪರಿಣಾಮವಾಗಿ 2019ರಲ್ಲಿ ಯೆಮೆನ್ ಯುದ್ಧಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಲು ಎರಡೂ ಸದನಗಳು ನಿರ್ಣಯಿಸಿದರೂ ಟ್ರಂಪ್ ಅದನ್ನು ನಿಷೇಧಿಸಿದರು. ಅದನ್ನು ಮೀರಲು ಬೇಕಾದ ಮೂರನೆಯ ಎರಡರಷ್ಟು ಮತ ಸೆನೆಟ್ಟಿನಲ್ಲಿ ದೊರೆಯಲಿಲ್ಲ. ಯುದ್ಧ ಆರಂಭಿಸಲು ಬಹುಮತ ಬೇಕೆಂದಿದ್ದ ಸಂವಿಧಾನ, ಹೀಗೆ ಯುದ್ಧ ನಿಲ್ಲಿಸಲು ಬಹುಮತವೂ ಸಾಲದೆಂಬ ಸ್ಥಿತಿಗೆ ತಲುಪಿತು.

ಕ್ಷಿಪಣಿಗಳ ಯುಗದಲ್ಲಿ ಚರ್ಚೆಗೆ ಸಮಯವೆಲ್ಲಿದೆ ಎಂಬುದು ಅಧ್ಯಕ್ಷಪಕ್ಷದವರ ಆಕ್ಷೇಪ. ದಾಳಿಯನ್ನು ತಡೆಯುವ ಅಧಿಕಾರವನ್ನು ಯಾರೂ ನಿರಾಕರಿಸಿಲ್ಲ. ಆದರೆ ಕೊರಿಯಾದ ಮೂರು ವರ್ಷಗಳಲ್ಲಿ, ಲಿಬಿಯಾದ ಏಳು ತಿಂಗಳುಗಳಲ್ಲಿ ಮತ ಕೇಳಲು ಒಂದು ದಿನವೂ ಸಿಗಲಿಲ್ಲವೇ? 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಯಿತು. ಮರುದಿನವೇ ರೂಸ್‌ವೆಲ್ಟ್ ಕಾಂಗ್ರೆಸ್ಸಿನ ಮುಂದೆ ನಿಂತರು, ಅಂದೇ ಘೋಷಣೆಯಾಯಿತು. ಕೊರತೆಯಾದುದು ಸಮಯವಲ್ಲ, ಇಚ್ಛೆ.

ಆದುದರಿಂದ ಅಪರಾಧವನ್ನು ಅಧ್ಯಕ್ಷರೊಬ್ಬರ ಮೇಲೆ ಹೊರಿಸುವುದು ಅರ್ಧಸತ್ಯ. ಮತ ಹಾಕಿದರೆ ಹೊಣೆ ಬರುತ್ತದೆ; ಸುಮ್ಮನಿದ್ದರೆ ಗೆಲುವಿನಲ್ಲಿ ಪಾಲು ಕೇಳಬಹುದು, ಸೋಲಿನಲ್ಲಿ ಕೈತೊಳೆದುಕೊಳ್ಳಬಹುದು. ಈ ಲೆಕ್ಕಾಚಾರವೇ ಸಂವಿಧಾನದ ಗೆದ್ದಲು. 2001ರ ಸೆಪ್ಟೆಂಬರ್ 14ರಂದು ಕೆಳಮನೆಯ 420 ಮಂದಿ ಅಧ್ಯಕ್ಷರಿಗೆ ಬಲಪ್ರಯೋಗದ ವಿಶಾಲ ಅನುಮತಿ ನೀಡಿದಾಗ, ವಿರುದ್ಧವಾಗಿ ಮತ ಹಾಕಿದವರು ಬಾರ್ಬರಾ ಲೀ ಒಬ್ಬರೇ. ಅಂದು ನಿಂದೆಗೆ ಗುರಿಯಾದ ಆ ಒಂದು ಮತವೇ, ಅದೇ ಅನುಮತಿ ದೇಶದಿಂದ ದೇಶಕ್ಕೆ ಹಬ್ಬಿದಾಗ ವಿವೇಕದ ಸಾಕ್ಷಿಯಾಗಿ ಉಳಿಯಿತು.

ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಅನುಮೋದಿಸಿದವನೂ ಕೃತ್ಯಕ್ಕೆ ಹೊಣೆಗಾರರು. ತಡೆಯುವ ಅಧಿಕಾರವಿದ್ದೂ ತಡೆಯದವರ ಮೌನ ಅನುಮೋದನೆಯಲ್ಲದೆ ಮತ್ತೇನು? ಸಂವಿಧಾನದ ಮಿತಿ ಕಾಗದದ ಮೇಲಿದ್ದರೆ ಸಾಲದು; ಅದನ್ನು ಕಾಯಬೇಕಾದವರ ನಾಲಗೆಯ ಮೇಲೂ ಇರಬೇಕು.