ಉಣ್ಣಿ ಜಜ್ಜುವ ಮೊದಲು

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ನಮ್ಮ ದೊಡ್ಡಿಯ 22 ಕುರಿಗಳಲ್ಲಿ 4 ಸತ್ತವು. ಧಾರವಾಡ–ಕಲಘಟಗಿ ನಡುವಿನ ಊರು ನಮ್ಮದು. ಎರಡೆಕರೆ ಹೊಲದವನಿಗೆ ನಾಲ್ಕು ಕುರಿ ಹೋದರೆ ಮುಂದಿನ ಬಿತ್ತನೆಯ ದುಡ್ಡೇ ಹೋದಂತೆ. ಮೊದಲು ಮೇವು ಬಿಟ್ಟವು, ಮೈ ಕಾದ ಹಂಚಿನಂತಾಯಿತು, ಕಣ್ಣಿನ ಒಳರೆಪ್ಪೆ ಬಿಳಿಚಿತು. ಹೆಗಲ ಮುಂದೆ ನಿಂಬೆಕಾಯಿಯಷ್ಟು ಗಂಟು. ನಾಲ್ಕಕ್ಕೂ ಜ್ವರದ ಇಂಜೆಕ್ಷನ್ನನ್ನೇ ಮಾಡಿಸಿದೆ. ರೋಗ ಯಾವುದೆಂದು ನಾನೂ ಕೇಳಲಿಲ್ಲ, ಸೂಜಿ ಚುಚ್ಚಿದವರೂ ಹೇಳಲಿಲ್ಲ.

ಐದನೆಯದು ಮಲಗಿದಾಗ ಪರಿಚಯದ ಪಶುವೈದ್ಯರೊಬ್ಬರನ್ನು ಕರೆತಂದೆ. ಅವರು ಕುರಿ ಮುಟ್ಟುವ ಮೊದಲೇ ಕೇಳಿದರು, "ಮೈ ಮ್ಯಾಲಿನ ಉಣ್ಣಿ ಎಲ್ಲಿ ಅದಾವ್ರಿ?"

"ಎಲ್ಲಾ ಹೆಕ್ಕಿ ಕಲ್ಲಿಗೆ ಜಜ್ಜಿ ಒಗದೇನ್ರಿ ಸರ್."

"ಅಲ್ರೀ ಯಜಮಾನ್ರ, ಕಳ್ಳನ ಹೆಜ್ಜೀ ಗುರುತು ನೀವ ಅಳಿಸಿದಂಗ ಆತಲ್ರಿ!"

ಕುರಿಯ ಕಿವಿ ತುದಿಯಿಂದ ಒಂದು ಹನಿ ರಕ್ತ, ಹೆಗಲ ಗಂಟಿನಿಂದ ಸೂಜಿಯಲ್ಲಿ ಎಳೆದ ಒಂದಿಷ್ಟು ರಸ ಗಾಜಿನ ಪಟ್ಟಿಗೆ ಸವರಿ ಒಯ್ದರು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಥೈಲೇರಿಯಾ ಸಿಕ್ಕಿತು. ಅದಕ್ಕೆ ಬೇಕಾದದ್ದು ಬುಪರ್ವಾಕೋನ್. ಕೊಟ್ಟರು, ಕುರಿ ಉಳಿಯಿತು.

ನಾನು ಆಮೇಲೆ ತಿಳಿದುಕೊಂಡದ್ದು ಇಷ್ಟು. ಉಣ್ಣಿಯಿಂದ ಕುರಿಗೆ ಬರುವ ಜ್ವರಗಳು ಹೊರಗೆ ನೋಡಲು ಹೆಚ್ಚು ಕಡಿಮೆ ಒಂದೇ ತೆರ, ಔಷಧ ಮಾತ್ರ ಬೇರೆ ಬೇರೆ. ಉಚ್ಚೆ ಕೆಂಪಾಗಿಸುವ ಬೆಬೇಸಿಯಾಕ್ಕೆ ಡಿಮಿನಜೀನ್, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ದುಡ್ಡೂ ಹೋಯಿತು, ಕುರಿಯೂ ಹೋಯಿತು. ದಾಟುವ ರೀತಿಯೂ ಬೇರೆ. ಬೆಬೇಸಿಯಾ ತಾಯಿ ಉಣ್ಣಿಯಿಂದ ಮೊಟ್ಟೆಗೇ ಇಳಿಯುತ್ತದೆ. ಥೈಲೇರಿಯಾ ಹಾಗಲ್ಲ, ಮರಿ ಉಣ್ಣಿ ರೋಗದ ಕುರಿಯ ರಕ್ತ ಕುಡಿದು, ಪೊರೆ ಬಿಟ್ಟು, ಮುಂದಿನ ಹಂತದಲ್ಲಿ ಇನ್ನೊಂದು ಕುರಿಗೆ ಹತ್ತಿದಾಗ ದಾಟಿಸುತ್ತದೆ.

ಹಾಗಾದರೆ ಕುರಿ ಮಲಗುವ ಮೊದಲೇ ಉಣ್ಣಿಯಲ್ಲಿ ರೋಗಾಣು ಹುಡುಕಬಹುದಲ್ಲ? ಹುಡುಕಬಹುದು. ಉಣ್ಣಿಗಳನ್ನು ಜಾತಿ ನೋಡಿ ಬೇರ್ಪಡಿಸಿ, ಕೆಲವನ್ನು ಒಟ್ಟಿಗೆ ಅರೆದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಆದರೆ ಒಂದು ತೊಡಕಿದೆ. ಕುರಿಯ ಮೈಯಿಂದ ಕಿತ್ತ ಉಣ್ಣಿಯ ಹೊಟ್ಟೆಯಲ್ಲಿ ಆ ಕುರಿಯದೇ ರಕ್ತ ಇರುತ್ತದೆ. ಸಿಕ್ಕ ರೋಗಾಣು ಆಗತಾನೆ ಕುಡಿದ ರಕ್ತದ್ದೋ, ಉಣ್ಣಿಯಲ್ಲಿ ಬೆಳೆದು ಮುಂದೆ ದಾಟುವಂಥದ್ದೋ ಎಂದು ತಿಳಿಯಲು ಅದರ ಜೊಲ್ಲುಗ್ರಂಥಿಯನ್ನೇ ಬೇರೆ ನೋಡಬೇಕು. ಆದರೂ ನಮ್ಮಂಥವರಿಗೆ ರೋಗಾಣು ದೊಡ್ಡಿಯೊಳಗೆ ಬಂದಿದೆ ಎಂದು ಗೊತ್ತಾದರೂ ಸಾಕು.

ಇದು ಕರ್ನಾಟಕಕ್ಕೆ ಹೊಸ ವಿದ್ಯೆ ಅಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗ ಅದರ ಮೂಲ ಉಣ್ಣಿಯಲ್ಲೇ ಸಿಕ್ಕಿತು. (ಮಲೆನಾಡಿನವರು ಉಣುಗು ಅನ್ನುತ್ತಾರೆ.) ಅಲ್ಲಿ ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು, ಹತ್ತಿದ ಉಣುಗು ಹೆಕ್ಕಿ ಪರೀಕ್ಷೆಗೆ ಕಳಿಸುವ ಪದ್ಧತಿ ಇದೆ. ಮನುಷ್ಯರು ಸಾಯುವ ರೋಗ, ಮಾಡಲೇಬೇಕು. ಆದರೆ ನಮ್ಮ ಕುರಿಗೆ ಬಟ್ಟೆ ಎಳೆಯುವ ಕೆಲಸವೂ ಇಲ್ಲ. ಉಣ್ಣಿ ಮೈಮೇಲೇ ಇವೆ, ಕುರುಬರ ಕೈಗೇ ಸಿಗುತ್ತವೆ. ಸಿಕ್ಕದ್ದನ್ನು ತಗೊಳ್ಳುವವರು ಬೇಕು, ಅಷ್ಟೇ.

ನನ್ನ ಬೇಡಿಕೆ ದೊಡ್ಡದಲ್ಲ. 1962ಕ್ಕೆ ಫೋನ್ ಮಾಡಿದರೆ ಬರುವ ಗಾಡಿಯಲ್ಲಿ ಗಾಜಿನ ಪಟ್ಟಿ, ಸ್ಪಿರಿಟ್ ತುಂಬಿದ ಸಣ್ಣ ಬಾಟಲಿ ಇರಲಿ. ಹಿಂಡಿನಲ್ಲಿ ಜ್ವರ ಕಂಡಲ್ಲಿ ಒಂದೆರಡು ಕುರಿಯ ರಕ್ತ ಸವರಿ ನೋಡಿದ ಮೇಲೆಯೇ ಇಂಜೆಕ್ಷನ್ ಆಗಲಿ. ಹೆಕ್ಕಿದ ಉಣ್ಣಿ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಂಥ ಕಡೆ ಹೋಗಲಿ, ಉತ್ತರ ನಮ್ಮೂರಿಗೆ ವಾಪಸು ಬರಲಿ. ಉತ್ತರ ಬಾರದ ಬಾಟಲಿಯನ್ನು ರೈತ ಎರಡನೇ ಸಲ ಕೊಡುವುದಿಲ್ಲ.

ನಮ್ಮ ಕಡೆಯಿಂದಲೂ ತಪ್ಪಿದೆ. ಬರಿಗೈಲಿ ಉಣ್ಣಿ ಹಿಚುಕುವುದನ್ನು ಬಿಡಬೇಕು. 2011ರಲ್ಲಿ ಗುಜರಾತಿನಲ್ಲಿ ಕಂಡ ಕ್ರೈಮಿಯನ್-ಕಾಂಗೋ ಜ್ವರ, ಕಾಲಿಗೆ ಪಟ್ಟೆ ಇರುವ ಹಯಲೋಮಾ ಉಣ್ಣಿಯದು. ಹೊತ್ತ ದನ-ಕುರಿ ಚೆನ್ನಾಗಿಯೇ ಇರುತ್ತವೆ, ಸಾಯುವುದು ಮನುಷ್ಯ. ಅಲ್ಲಿ ರೋಗಿಯನ್ನು ನೋಡಿಕೊಂಡ ಆಸ್ಪತ್ರೆಯವರೂ ಸತ್ತರು. ಚಿಮಟಿಗೆಯಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರಕ್ಕೆ ಕಿತ್ತು ಸ್ಪಿರಿಟ್ಟಿಗೆ ಹಾಕಿದರಾಯಿತು. ಫಾರ್ಮಲಿನ್ ಬೇಡ, ಪಿಸಿಆರ್ ಪರೀಕ್ಷೆ ಕೆಡುತ್ತದೆ.

ಈಗ ದೊಡ್ಡಿಯ ಗೂಟಕ್ಕೆ ಒಂದು ಬಾಟಲಿ ಕಟ್ಟಿದ್ದೇನೆ. ಮೊನ್ನೆ ನಮ್ಮ ಹೊಲದಲ್ಲಿ ಕುರಿ ತರುಬಲು ಬಂದಿದ್ದ ಹಿಂಡಿನ ಹಿರಿಯ ಅದನ್ನು ನೋಡಿ, "ಉಪ್ಪಿನಕಾಯಿ ಏನ್ರಿ?" ಎಂದು ನಕ್ಕ. ಮರುದಿನ ಎಲೆಯಲ್ಲಿ ಸುತ್ತಿ ಎರಡು ಉಣ್ಣಿ ತಾನೇ ತಂದ. "ಇವು ಬ್ಯಾರೆ ಜಾತಿ ಕಾಣತಾವ, ನೋಡ್ರಿ" ಅಂದ. ನೋಡಿದೆ. ಕಾಲಿಗೆ ಪಟ್ಟೆ ಇತ್ತು. ಇನ್ನೊಂದು ಬಾಟಲಿ ಹುಡುಕಬೇಕಾಯಿತು.