ಪಾರ್ಕಿನ್ಸನ್: ನಡುಕದ ಮರೆಯಲ್ಲಿ ಉಳಿದ ಉಸಿರು

ಪಾರ್ಕಿನ್ಸನ್ ಕಾಯಿಲೆ ಉಸಿರಾಟವನ್ನು ಎರಡು ಕಡೆಯಿಂದ ಕಾಡುತ್ತದೆ. ಎದೆ, ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಜೊತೆಗೆ, ಉಸಿರಿನ ಲಯ ಕಾಯುವ ಮಿದುಳಿನ ಭಾಗವೂ ಮಂಕಾಗಬಹುದು. ಆದರೆ 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದಂದಿನಿಂದ ಎಲ್ಲರ ಕಣ್ಣು ಕೈನಡುಕದ ಮೇಲೆಯೇ.

ಉಸಿರಿನ ಲಯ ಹುಟ್ಟುವುದು ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾದಲ್ಲಿ. ಅಲ್ಲಿನ ಪ್ರಿ-ಬೋಟ್ಸಿಂಗರ್ ಎಂಬ ನರಕೋಶಗಳ ಗುಂಪು ಉಸಿರೆಳೆಯುವ ಲಯವನ್ನು ಹುಟ್ಟಿಸುತ್ತದೆ ಎಂಬುದು 1991ರಲ್ಲಿ ಇಲಿಮರಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು. ಅದರ ಸಮೀಪದಲ್ಲೇ ಇರುವ ಮತ್ತೊಂದು ಗುಂಪು ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಗುರುತಿಸಿ ಉಸಿರಾಟವನ್ನು ಚುರುಕುಗೊಳಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಆಗುವಂತೆ ಮಿದುಳಿನ ಡೋಪಮಿನ್ ಕೋಶಗಳನ್ನು ನಾಶಪಡಿಸಿದ ಇಲಿಗಳಲ್ಲಿ ಈ ಎರಡೂ ಕಡೆ ನರಕೋಶಗಳು ಕಡಿಮೆಯಾಗಿದ್ದವು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೂ ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಆದರೂ ಕಡೆಗಣಿಸಲಾಗದ ಇನ್ನೊಂದು ಸಂಗತಿಯಿದೆ. ಈ ಕಾಯಿಲೆಯಲ್ಲಿ ನರಕೋಶಗಳೊಳಗೆ ಕಟ್ಟುವ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನಿನ ಗಂಟುಗಳು ಅನೇಕ ರೋಗಿಗಳಲ್ಲಿ ಮೊದಲು ಕಾಣಿಸುವುದು ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಲ್ಲ, ಮೆಡುಲ್ಲಾದಲ್ಲಿ ಮತ್ತು ವಾಸನೆ ಗ್ರಹಿಸುವ ಭಾಗದಲ್ಲಿ ಎಂದು ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು 2003ರಲ್ಲಿ ಪ್ರತಿಪಾದಿಸಿದರು. ಎಲ್ಲ ರೋಗಿಗಳ ಮಿದುಳೂ ಈ ಕ್ರಮ ಪಾಲಿಸುವುದಿಲ್ಲ. ಪಾಲಿಸುವವರಲ್ಲಿ ಮಾತ್ರ, ಕೈ ನಡುಗುವ ಮೊದಲೇ ರೋಗ ಉಸಿರಿನ ಕೇಂದ್ರದ ಆಸುಪಾಸಿಗೆ ಬಂದಿರುತ್ತದೆ.

ರಕ್ತದ ಆಮ್ಲಜನಕವನ್ನು ಅಳೆಯುವ ಕೆಲಸ ಕತ್ತಿನದು. ಅಲ್ಲಿನ ದೊಡ್ಡ ರಕ್ತನಾಳ ಕವಲೊಡೆಯುವೆಡೆ ಅಕ್ಕಿಕಾಳಿನಷ್ಟಿರುವ ಕೆರೋಟಿಡ್ ಕಾಯದ ಕೋಶಗಳಲ್ಲೂ ಡೋಪಮಿನ್ ಇದೆ. ಆಮ್ಲಜನಕ ಕುಸಿದಾಗ ಉಸಿರು ಹೆಚ್ಚಬೇಕು. ಕೆಲವು ಪಾರ್ಕಿನ್ಸನ್ ರೋಗಿಗಳಲ್ಲಿ ಈ ಪ್ರತಿಕ್ರಿಯೆಯೂ ದಮ್ಮು ಕಟ್ಟಿದ ಅರಿವೂ ಮಂದವಾಗಿರುತ್ತವೆ. ಹೀಗಾಗಿ ‘ದಮ್ಮು ಕಟ್ಟುತ್ತಿಲ್ಲ’ ಎಂದು ರೋಗಿ ಹೇಳಿದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಸ್ನಾಯುಗಳ ತೊಂದರೆಯಾದರೋ ಕಣ್ಣಿಗೇ ಕಾಣುತ್ತದೆ. ರೋಗಿ ಉಸಿರಳೆಯುವ ಯಂತ್ರದ ಕೊಳವೆಗೆ ಜೋರಾಗಿ ಊದಿದಾಗ ನುಣುಪಾಗಿ ಇಳಿಯಬೇಕಾದ ಗೆರೆ ಕೆಲವೊಮ್ಮೆ ಗರಗಸದ ಹಲ್ಲಿನಂತೆ ಮೂಡುತ್ತದೆ. ಸೆಕೆಂಡಿಗೆ 4ರಿಂದ 8 ಏರಿಳಿತಗಳು. ಕೈನಡುಕದ ವೇಗವೂ ಹೆಚ್ಚುಕಡಿಮೆ ಅಷ್ಟೇ. ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳೂ ನಡುಗುತ್ತಿವೆ ಎಂಬುದಕ್ಕೆ ಇದು ಸಾಕ್ಷಿ. ಇತ್ತ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಬಿಗಿದು, ಬೆನ್ನು ಬಾಗಿ, ಎದೆ ಪೂರ್ತಿ ಹಿಗ್ಗುವುದಿಲ್ಲ. ಮಾತು ಪಿಸುಮಾತಾಗುತ್ತದೆ, ಕೆಮ್ಮು ಸೊರಗುತ್ತದೆ.

ಔಷಧದ ಪಾತ್ರವೂ ಸರಳವಲ್ಲ. ಲೆವೊಡೋಪಾ ಬಿಗಿತ ಸಡಿಲಿಸಿ ಉಸಿರಿಗೆ ನೆರವಾಗುತ್ತದೆ. ಅದರ ಪ್ರಭಾವ ಇಳಿಯುವ ಹೊತ್ತಿಗೆ ಕೆಲವರಿಗೆ ಏದುಸಿರು ಬರುತ್ತದೆ. ಇನ್ನು ಕೆಲವರಿಗೆ ಪ್ರಭಾವ ಏರಿದಾಗ ಎದೆ, ಹೊಟ್ಟೆಯ ಸ್ನಾಯುಗಳು ತಮಗೆ ತಾವೇ ಅಲುಗಾಡಿ ಉಸಿರು ಲಯ ತಪ್ಪುತ್ತದೆ. ಆಗ ಬೆರಳಿಗೆ ಹಾಕಿದ ಆಕ್ಸಿಮೀಟರ್ ಆಮ್ಲಜನಕದ ಮಟ್ಟ ಶೇ. 98 ಎಂದು ತೋರಿಸುವುದೂ ಉಂಟು. ‘ಇದೆಲ್ಲ ಗಾಬರಿ’ ಎಂದು ರೋಗಿಯನ್ನು ಮನೆಗೆ ಕಳಿಸುವುದು ಇಂಥ ವೇಳೆಯಲ್ಲೇ. ಏದುಸಿರು ಬಂದ ಗಳಿಗೆಯನ್ನೂ ಮಾತ್ರೆ ನುಂಗಿದ ಗಳಿಗೆಯನ್ನೂ ಮನೆಯವರು ಒಂದು ಚೀಟಿಯಲ್ಲಿ ಬರೆದಿಟ್ಟರೆ ವೈದ್ಯರಿಗೆ ದುಬಾರಿ ಪರೀಕ್ಷೆಗಳಿಗಿಂತ ಹೆಚ್ಚು ನೆರವಾದೀತು.

ನಡುಕ ಜೀವ ತೆಗೆಯುವುದಿಲ್ಲ. ಆದರೆ ಅನ್ನನಾಳಕ್ಕೆ ಹೋಗಬೇಕಾದ ಕಾಫಿ, ಸಾರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದಿದ್ದಾಗ ನ್ಯುಮೋನಿಯಾ ಬರಬಹುದು. ಪಾರ್ಕಿನ್ಸನ್ ರೋಗಿಗಳ ಸಾವಿನ ಪ್ರಮುಖ ಕಾರಣಗಳಲ್ಲಿ ಇದೂ ಒಂದು. ಹೊರಗೆ ಊದುವ ಸ್ನಾಯುಗಳಿಗೆ ಪುಟ್ಟ ಸಾಧನದಿಂದ ಕೊಡುವ ವ್ಯಾಯಾಮ ನುಂಗುವಿಕೆಯನ್ನು ಸುರಕ್ಷಿತಗೊಳಿಸಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ನಡಿಗೆ, ಬೆರಳುಗಳ ಚುರುಕು ಪರೀಕ್ಷಿಸುವ ನರರೋಗ ತಜ್ಞರು ಪ್ರತಿ ಭೇಟಿಯಲ್ಲೂ ರೋಗಿಯಿಂದ ಒಮ್ಮೆ ಜೋರಾಗಿ ಕೆಮ್ಮಿಸಿ ನೋಡಬೇಕು.