ಮರುಭರ್ತಿ: ವೈದ್ಯಕೀಯ ತೀರ್ಮಾನಕ್ಕೆ ಗಡುವಿರಲಿ



ಸೇನೆಯಿಂದ ಪಿಂಚಣಿ ಪಡೆದು ಬಂದವರು ಡಿಎಸ್‌ಸಿ ಎಂದೇ ಪರಿಚಿತವಾದ ರಕ್ಷಣಾ ಭದ್ರತಾ ದಳಕ್ಕೆ ಮತ್ತೆ ಸೇರಬಹುದು. ಸೇನಾ ನೆಲೆ, ಉಗ್ರಾಣಗಳ ಕಾವಲು ಕಾಯುವ ಈ ದಳದ ಕೇಂದ್ರ ನಮ್ಮ ಕೊಡಗಿಗೆ ಹತ್ತಿರದ ಕಣ್ಣೂರಿನಲ್ಲಿದೆ. ಹೀಗಾಗಿ ಇಲ್ಲಿನ ಹಲವು ಮಾಜಿ ಸೈನಿಕರು ಇದನ್ನು ನೆಚ್ಚಿಕೊಂಡಿದ್ದಾರೆ. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುವ ಸಿಪಾಯಿಗೆ ಮಕ್ಕಳ ಓದು, ಮನೆ ಸಾಲ ಎಲ್ಲವೂ ಆಗಷ್ಟೇ ಶುರುವಾಗಿರುತ್ತವೆ.

ಆದರೆ ಸೇರ್ಪಡೆಗೆ ಪೂರ್ಣ ಆರೋಗ್ಯವನ್ನು ಸೂಚಿಸುವ ಶೇಪ್-1 ವೈದ್ಯಕೀಯ ದರ್ಜೆ ಬೇಕು. ನನ್ನ ಪತಿಗೆ ತಪಾಸಣೆಯಲ್ಲಿ ರಕ್ತದೊತ್ತಡ ತುಸು ಹೆಚ್ಚು ಕಂಡಿತೆಂದು ಮರುಪರೀಕ್ಷೆಗೆ ಬರೆದರು. ಪರೀಕ್ಷೆಯೂ ಮುಗಿಯಿತು. ಫಲಿತಾಂಶ ಮಾತ್ರ ತಿಂಗಳುಗಳಿಂದ ಬಂದಿಲ್ಲ. ಫೋನ್ ಮಾಡಿದರೆ ‘ಕಾಗದ ಮೇಲಕ್ಕೆ ಹೋಗಿದೆ’ ಎಂಬ ಉತ್ತರ. ಇತ್ತ ಬೇರೆ ಕೆಲಸ ಒಪ್ಪಿಕೊಳ್ಳುವಂತಿಲ್ಲ, ಅತ್ತ ವಯೋಮಿತಿ ಕಾಯುವುದಿಲ್ಲ.

ಮಾನದಂಡ ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಬಂದೂಕು ಹಿಡಿಯುವವರ ಆರೋಗ್ಯ ಚೆನ್ನಾಗಿಯೇ ಇರಬೇಕು. ಅನರ್ಹರೆಂದಾದರೆ ಹಾಗೆಂದೇ ಬರೆದು ತಿಳಿಸಲಿ, ಬೇರೆ ದಾರಿ ನೋಡಿಕೊಳ್ಳುತ್ತೇವೆ. ಪಿಂಚಣಿಗೆ ‘ಸ್ಪರ್ಶ್’ ಪೋರ್ಟಲ್ ಮಾಡಿರುವ ರಕ್ಷಣಾ ಸಚಿವಾಲಯಕ್ಕೆ ಮರುಪರೀಕ್ಷೆಯ ಕಡತ ಎಲ್ಲಿದೆ ಎಂದು ತೋರಿಸುವುದು ಕಷ್ಟವಾಗಲಾರದು. ತೀರ್ಮಾನಕ್ಕೆ ಇಂತಿಷ್ಟು ದಿನವೆಂದು ಗಡುವು ಹಾಕಬೇಕು; ಕಾಯಿಸಿದ ಅವಧಿಯನ್ನು ವಯೋಮಿತಿಯ ಲೆಕ್ಕದಿಂದ ಬಿಡಬೇಕು. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇಂಥ ಅರ್ಜಿದಾರರ ಪಟ್ಟಿ ಮಾಡಿ ಸಂಬಂಧಪಟ್ಟವರಿಗೆ ಬರೆಯಲಿ ಎಂದು ವಿನಂತಿಸುತ್ತೇನೆ.

– ಮಾಜಿ ಸೈನಿಕರೊಬ್ಬರ ಪತ್ನಿ, ಸೋಮವಾರಪೇಟೆ